ಲೋಕಾಪುರದ ಕಲ್ಲಿಗೂ ಲಕ್ಷದ್ವೀಪದ ಹವಳಕ್ಕೂ ನಂಟಿದೆ

ಹವಳದ ದಿಬ್ಬಗಳ ಮಾತು ತೆಗೆದಾಗಲೆಲ್ಲ ನಮ್ಮ ಬಾಗಲಕೋಟೆ ಗೆಳೆಯರದು ಒಂದೇ ಪ್ರಶ್ನೆ: "ನಮಗ ಘಟಪ್ರಭಾ ಕಾಲುವ್ಯಾಗ ನೀರು ಬಂದ್ರ ಸಾಕು, ಸಮುದ್ರದ ಸುದ್ದಿ ಯಾಕ್ರೀ?"

ಯಾಕಂದ್ರೆ ನಾವು ನಿಂತಿರುವ ನೆಲವೇ ಒಂದು ಕಾಲಕ್ಕೆ ಸಮುದ್ರದ ತಳ. ಲೋಕಾಪುರದ ಸುತ್ತಲಿನ ಸುಣ್ಣದಕಲ್ಲು, ಡಾಲಮೈಟ್ ಪದರಗಳು 100 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲಿನಲ್ಲಿ ಕೂಡಿಕೊಂಡವು. ಭೂವಿಜ್ಞಾನಿಗಳಿಗೆ ಇದು ಕಲಾದಗಿ ಶಿಲಾಸಮೂಹ. (ಕಲಾದಗಿ ಅಂದ್ರೆ ಬರೀ ದಾಳಿಂಬೆ ಅಲ್ಲ!) ಇದರಲ್ಲಿ ಕೆಲವು ಕಡೆ ಅಡ್ಡ ಕೊಯ್ದ ಉಳ್ಳಾಗಡ್ಡಿಯಂಥ ಸುತ್ತುಗೆರೆಗಳಿವೆ. ಅವು ಸ್ಟ್ರೊಮ್ಯಾಟೊಲೈಟ್‌ಗಳು. ಹವಳ ಇನ್ನೂ ಹುಟ್ಟಿರದ ಕಾಲದಲ್ಲಿ ಸೈನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಬಿಸಿಲುಂಡು, ಹೂಳು ಹಿಡಿದು, ಪದರದ ಮೇಲೆ ಪದರ ಕಟ್ಟಿದ ದಿಬ್ಬಗಳು. ಭೂಮಿಯ ಗಾಳಿಗೆ ಮೊದಲು ಆಮ್ಲಜನಕ ತುಂಬಿದ್ದೂ ಅಂಥ ಜೀವಿಗಳೇ.

ಇವತ್ತು ಕಡಲೊಳಗೆ ದಿಬ್ಬ ಕಟ್ಟುವ ಕೆಲಸ ಮುಖ್ಯವಾಗಿ ಹವಳದ್ದು. ಹವಳ ಗಿಡವಲ್ಲ, ಪುಟ್ಟ ಪ್ರಾಣಿ. ಅದರ ಮೈಯೊಳಗೆ ವಾಸಿಸುವ ಪಾಚಿ ಬಿಸಿಲಿನಿಂದ ಆಹಾರ ಮಾಡಿ, ಅದಕ್ಕೆ ಬೇಕಾದ ಶಕ್ತಿಯ ಬಹುಪಾಲನ್ನು ಕೊಡುತ್ತದೆ. ಸಮುದ್ರತಳದ ಶೇ. 1ಕ್ಕಿಂತ ಕಡಿಮೆ ಜಾಗದ ಈ ದಿಬ್ಬಗಳನ್ನು ಕಡಲಜೀವಿಗಳ ಸುಮಾರು ಕಾಲು ಭಾಗದಷ್ಟು ಜಾತಿಗಳು ನಂಬಿಕೊಂಡಿವೆ. ಮೀನಿನ ಮರಿ ಬೆಳೆಯುವುದು ಅಲ್ಲಿ, ದೊಡ್ಡ ಅಲೆಯ ಸೊಕ್ಕು ಮುರಿಯುವುದೂ ಅಲ್ಲಿ. ಲಕ್ಷದ್ವೀಪದ ನೆಲವೇ ಹವಳ ಕಟ್ಟಿದ್ದು. ದಿಬ್ಬ ಹೋದರೆ ಅಲ್ಲಿನವರ ಮನೆಯ ಅಂಗಳವೂ ಹೋದಂತೆ.

ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಬರೀ 1 ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬಿಳಿಚಿಕೊಳ್ಳುತ್ತದೆ. ಬಿಳಿಚಿದ್ದು ಸತ್ತಿದ್ದಲ್ಲ. ನೀರು ಬೇಗ ತಣಿದರೆ ಪಾಚಿ ಮರಳಬಹುದು. ಆದರೆ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಬಿಸಿ ಬರುತ್ತಿದೆ. 1998, 2010, 2016 ಆಯಿತು. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ನಾಲ್ಕನೆಯ ಸಲ ಹವಳ ಬಿಳಿಚುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದರು. ಆ ವರ್ಷ ಲಕ್ಷದ್ವೀಪವೂ ಬೆಂದಿತು. ಇದನ್ನು ಓದಿ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಕಡಲ ಬಿಸಿಯನ್ನು ಬಾಗಲಕೋಟೆಯೊಂದೇ ಇಳಿಸಲಾರದು. ಆದರೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಮುಳುಗು ಹಾಕುವವರು ಹವಳ ಮುಟ್ಟದೆ ಬರಬಹುದು. ಅದರ ಮೇಲೆ ಲಂಗರು ಬಿಡುವ ದೋಣಿ ಹತ್ತದೆ ಇರಬಹುದು. ಇನ್ನು ನಮ್ಮೂರಿನ ಕೆಲಸ: ಸುತ್ತುಗೆರೆಯ ಕಲ್ಲು ಇರುವ ಒಂದು ತುಂಡು ಜಾಗವನ್ನಾದರೂ ಗಣಿಯಿಂದ ಹೊರಗಿಟ್ಟು, ಬೇಲಿ ಹಾಕಿ, ಶಾಲೆಯ ಮಕ್ಕಳಿಗೆ ತೋರಿಸಬೇಕು. ಭೂವಿಜ್ಞಾನ ಓದಿದವರು, ಮಾಸ್ತರರು ಯಾರಾದರೂ ಜೊತೆಗೆ ಬಂದರೆ ಜಿಲ್ಲಾಡಳಿತಕ್ಕೆ ಅರ್ಜಿ ಬರೆಯಲು ನಾನು ತಯಾರಿದ್ದೇನೆ.