ಅಪ್ಪ ಚಾಂಪಿಯನ್ ಅಂದ್ರಿ, ಅಪ್ಪನ ಸೊಂಟದ ಎಕ್ಸ್‌ರೇ ಎಲ್ರಿ?

ಹುಬ್ಬಳ್ಳಿ-ಧಾರವಾಡದಲ್ಲಿ ಲ್ಯಾಬ್ರಡಾರ್ ಮರಿ ಮಾರುವವರನ್ನು ಒಂದು ಮಾತು ಕೇಳಿ ನೋಡಿ. ತಂದೆ-ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಇದೆಯಾ ಅಂತ. ಈ ತಳಿಯಲ್ಲಿ ಸೊಂಟದ ಕೀಲಿನ ದೋಷ ವಂಶದಿಂದ ಬರಬಹುದು, ಅದು ಎಕ್ಸ್‌ರೇಯಲ್ಲಿ ಕಾಣುತ್ತೆ. ನಾನು ಮರಿ ತರುವ ಮೊದಲೇ ಕೇಳಿದ್ದೆ. "ಪೇಪರ್ ಐತ್ರಿ, ಅಪ್ಪ ಚಾಂಪಿಯನ್ ಲೈನ್. ಮತ್ತೇನ್ ಬೇಕ್ರಿ ನಿಮಗ?" ಅಂದರು ನಮ್ಮ ಬ್ರೀಡರ್. ಬಿಡದೆ ಕೇಳಿದ್ದಕ್ಕೆ, ಎಕ್ಸ್‌ರೇನೂ ಐತಿ, ನಾಳೆ ವಾಟ್ಸಾಪ್ ಮಾಡ್ತೀನಿ ಅಂದರು. ಪೇಪರ್ ಇದೆ ಅಂತ ದುಡ್ಡು ಜಾಸ್ತಿ ತಗೊಂಡರು. ಎಕ್ಸ್‌ರೇ ಇವತ್ತಿನವರೆಗೂ ಬಂದಿಲ್ಲ.

ಆ ಪೇಪರ್ ನನ್ನ ಮುಂದೇನೇ ಇದೆ. ಅಪ್ಪ ಯಾರು, ಅಮ್ಮ ಯಾರು, ಅಜ್ಜ ಯಾರು, ಎಲ್ಲ ಇದೆ. ಅವರ ಕೀಲು ಹೇಗಿದೆ, ಕಣ್ಣು ಹೇಗಿದೆ ಅಂತ ಒಂದು ಸಾಲೂ ಇಲ್ಲ. ವಂಶ ತಿಳಿದರೆ ನಾಯಿಯ ಕಾಲು ಗಟ್ಟಿಯಾಗುತ್ತಾ?

ನಮ್ಮ ಬ್ರೂನೋಗೆ ವರ್ಷ ತುಂಬುವ ಮೊದಲೇ ಶುರುವಾಯಿತು. ಉಣಕಲ್ ಕೆರೆ ದಂಡೆ ಮೇಲೆ ಓಡುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸುತ್ತಿದ್ದ. ನೋಡಿದವರು ಎಷ್ಟು ಚೆಂದ ಓಡ್ತಾನ ಅಂತಿದ್ದರು. ಆಮೇಲೆ ಏಳೋದೇ ಕಷ್ಟವಾಯಿತು. ಮುಂಗಾಲಿನ ಮೇಲೆ ಭಾರ ಹಾಕಿ ಮೈ ಎಳೆದುಕೊಂಡು ಏಳುತ್ತಾನೆ, ಅಷ್ಟರಲ್ಲಿ ಫರ್ಶಿ ಮೇಲೆ ಹಿಂಗಾಲು ಎರಡೂ ಬದಿಗೆ ಜಾರುತ್ತವೆ. ಮತ್ತೆ ಕೂತುಬಿಡುತ್ತಾನೆ. ಕೂತು ನಮ್ಮ ಮುಖ ನೋಡುತ್ತಾನೆ. ಅವನು ಇನ್ನೂ ಮರಿ ಕಣ್ರೀ!

ಡಾಕ್ಟರು ಮಂಪರು ಬರಿಸಿ, ಅಂಗಾತ ಮಲಗಿಸಿ, ಹಿಂಗಾಲು ಎರಡನ್ನೂ ನೇರ ಎಳೆದು ಹಿಡಿದು ಎಕ್ಸ್‌ರೇ ತೆಗೆದರು. ತೊಡೆ ಮೂಳೆಯ ತುದಿ ಸೊಂಟದ ಕೀಲಿನಲ್ಲಿ ಒರಳಿನೊಳಗೆ ಗುಂಡು ಕೂತ ಹಾಗೆ ಕೂರಬೇಕು. ಇವನಿಗೆ ಆ ಗುಳಿಯೇ ಆಳವಿಲ್ಲ. ಮೂಳೆ ಅರ್ಧ ಹೊರಗೇ ಇದೆ. ಹಿಪ್ ಡಿಸ್‌ಪ್ಲೇಸಿಯಾ, ಎರಡೂ ಕಡೆ. ಸಡಿಲ ಕೀಲು ತಿಕ್ಕಿ ತಿಕ್ಕಿ ಸವೆಯುತ್ತಾ ಹೋಗುತ್ತೆ.

ಬ್ರೀಡರ್‌ಗೆ ಫೋನ್ ಮಾಡಿದೆ. "ನೀವ ಜಾಸ್ತಿ ತಿನಿಸೀರಿ. ಕ್ಯಾಲ್ಸಿಯಂ ಹಾಕ್ರಿ, ದೊಡ್ಡಾದ ಮ್ಯಾಲ ಸರಿ ಹೋಗತೈತಿ" ಅಂದರು. ಮೈಯೆಲ್ಲ ಉರಿಯಿತು. ದೊಡ್ಡ ತಳಿಯ ಮರಿಗೆ ಸರಿಯಾದ ಊಟದ ಮೇಲೆ ಕ್ಯಾಲ್ಸಿಯಂ ಸುರಿದರೆ ಮೂಳೆಯ ಬೆಳವಣಿಗೆಯೇ ಕೆಡುತ್ತೆ. ನಾಯಿ ಮಾರಿ ಬದುಕುವವರಿಗೆ ಇಷ್ಟೂ ತಿಳಿದಿರಬೇಡವೇ? ಊಟದ ಪಾತ್ರ ಇದೆ, ನಾನೇನು ಇಲ್ಲ ಅನ್ನುತ್ತಿಲ್ಲ. ಲ್ಯಾಬ್ರಡಾರ್‌ಗಳ ಮೇಲೇ ಅಮೆರಿಕದಲ್ಲಿ ಅವು ಬದುಕಿದ್ದಷ್ಟು ಕಾಲ ಒಂದು ಅಧ್ಯಯನ ನಡೆದಿದೆ. ಜೊತೆಗೆ ಹುಟ್ಟಿದ ನಾಯಿಗಿಂತ 25% ಕಡಿಮೆ ತಿಂದವು ಸುಮಾರು 2 ವರ್ಷ ಜಾಸ್ತಿ ಬದುಕಿದವು, ಅವುಗಳ ಕೀಲೂ ಕಡಿಮೆ ಸವೆದಿತ್ತು. ಅದಕ್ಕೇ ನಾವು ಮೊದಲಿಂದಲೂ ಅಳತೆ ಮಾಡಿ ಹಾಕುತ್ತೇವೆ. ಬ್ರೂನೋನ ಪಕ್ಕೆಲುಬು ಈಗಲೂ ಕೈಗೆ ಸಿಗುತ್ತವೆ. ಊಟದ ಮಾತು ಎತ್ತಿದರೆ ರಕ್ತದಲ್ಲಿ ಬಂದಿದ್ದು ಮುಚ್ಚಿಹೋಗುತ್ತಾ?

ಅವನ ಜೊತೆ ಹುಟ್ಟಿದ ತಮ್ಮ ಗದಗದಲ್ಲಿದ್ದಾನೆ. ಅವನೂ ಕುಂಟುತ್ತಾನೆ. ಎರಡೂ ಎಕ್ಸ್‌ರೇ ಬ್ರೀಡರ್‌ಗೆ ಕಳಿಸಿದೆವು. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಮೊನ್ನೆ ಅವರ ಸ್ಟೇಟಸ್ ನೋಡುತ್ತೇನೆ, ಅದೇ ಜೋಡಿಯನ್ನು ಮತ್ತೆ ಕೂಡಿಸಿದ್ದಾರೆ. ಹೊಸ ಸೂಲಿನ ಮರಿಗಳು, ಬುಕಿಂಗ್ ಓಪನ್ ಅಂತೆ. ಗೊತ್ತಿಲ್ಲದೆ ಆಗಿದ್ದು ಬೇರೆ. ಇದು ಗೊತ್ತಿದ್ದೂ ಮಾಡಿದ್ದು.

ಒಪ್ಪುತ್ತೇನೆ, ಇದು ಒಂದೇ ಜೀನ್‌ನಿಂದ ಬರುವ ರೋಗ ಅಲ್ಲ. ಹಲವು ಜೀನ್ ಸೇರಿ ಆಗುತ್ತೆ. ಸೊಂಟ ಚೆನ್ನಾಗಿರುವ ಜೋಡಿಗೂ ಒಮ್ಮೊಮ್ಮೆ ಇಂಥ ಮರಿ ಹುಟ್ಟಬಹುದು. ಆದರೆ ಕೆಟ್ಟ ಸೊಂಟದ ನಾಯಿಯನ್ನು ಸಂತಾನಕ್ಕೆ ಬಿಡದಿದ್ದರೆ ಅಪಾಯ ಕಡಿಮೆಯಾಗುತ್ತೆ ಅನ್ನೋದು ಹಳೇ ಮಾತು. ಅಮೆರಿಕದಲ್ಲಿ ಸೊಂಟದ ಎಕ್ಸ್‌ರೇಗೆ ಗ್ರೇಡ್ ಕೊಡುವ ಸಂಸ್ಥೆ 1966ರಲ್ಲೇ ಶುರುವಾಗಿದೆ. ನಾಯಿಗೆ 24 ತಿಂಗಳು ತುಂಬಿದ ಮೇಲೇ ಪಕ್ಕಾ ಗ್ರೇಡ್. ಬ್ರಿಟನ್ನಿನಲ್ಲಿ ಎರಡೂ ಬದಿ ಸೇರಿ 0ಯಿಂದ 106ರವರೆಗೆ ಅಂಕ ಕೊಡುತ್ತಾರೆ, ಕಡಿಮೆ ಬಂದಷ್ಟೂ ಒಳ್ಳೆಯದು. ಲ್ಯಾಬ್ರಡಾರ್‌ನಲ್ಲಿ ನಿಧಾನಕ್ಕೆ ಕಣ್ಣು ಕಳೆಯುವ ಇನ್ನೊಂದು ವಂಶದ ರೋಗವಿದೆ. ಅದನ್ನು ಪತ್ತೆ ಮಾಡಲು ಕೆನ್ನೆಯ ಒಳಗಿನ ಜೊಲ್ಲು ಸಾಕು. ಆ ದೋಷ ಹೊತ್ತ ಎರಡು ನಾಯಿ ಕೂಡಿದರೆ ಪ್ರತಿ ಮರಿಗೂ 25% ಅಪಾಯ. ಎರಡೂ ನೋಡೋಕೆ ಆರೋಗ್ಯವಾಗೇ ಇರುತ್ತವೆ. ಪರೀಕ್ಷೆ ಮಾಡಿಸದೆ ಹೇಗೆ ತಿಳಿಯಬೇಕು?

ನಮ್ಮಲ್ಲೂ ನಿಯಮವಿದೆ. 2017ರ ಕೇಂದ್ರದ ನಿಯಮದ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 8 ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿಗೆ 18 ತಿಂಗಳಾದರೂ ಆಗಿರಬೇಕು. ನಿಮ್ಮ ನೋಂದಣಿ ನಂಬರ್ ಹೇಳಿ ಅಂದರೆ ನಮ್ಮ ಬ್ರೀಡರ್ ಫೋನ್ ಇಟ್ಟರು.

ಬ್ರೂನೋನನ್ನು ವಾಪಸ್ ಕೊಡ್ರಿ, ಬೇರೆ ಮರಿ ಒಯ್ಯಿರಿ ಅಂತಲೂ ಒಮ್ಮೆ ಅಂದಿದ್ದರು. ಅವನೇನು ಮಿಕ್ಸರಾ, ಬದಲಿ ತರೋಕೆ? ಅವನು ನಮ್ಮ ಮನೆಯಲ್ಲೇ ಇರುತ್ತಾನೆ. ನನಗೆ ದುಡ್ಡೂ ಬೇಡ. ಆ ಜೋಡಿಯನ್ನು ಕೂಡಿಸೋದು ನಿಲ್ಲಲಿ. ಈಗ ಬುಕಿಂಗ್‌ಗೆ ಹೊರಟವರು ಅಡ್ವಾನ್ಸ್ ಕೊಡುವ ಮೊದಲು ಅಪ್ಪ-ಅಮ್ಮ ಇಬ್ಬರ ಎಕ್ಸ್‌ರೇನೂ ಕೇಳಿ, ಅಲ್ಲೇ, ಅವರ ಮುಂದೇನೇ. ನಾಳೆ ಕಳಿಸ್ತೀನಿ ಅಂದರೆ ಎದ್ದು ಬನ್ನಿ.