ಬಚ್ಚಲ ಬಾಗಿಲಲ್ಲಿ ಎರಡು ಕಡ್ಡಿ

ಹೋದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಬಚ್ಚಲ ಬಾಗಿಲಲ್ಲಿ, ಬೋರಲು ಹಾಕಿದ ಬಕೆಟ್ ಮೇಲೆ ಕೂತಿದ್ದೆ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಲುಂಗಿ, ತೊಡೆ ಮೇಲೆ ಲ್ಯಾಪ್‌ಟಾಪ್. ಬೆಂಗಳೂರಿನ ಹನ್ನೊಂದು ಮುಖಗಳಿಗೆ ತಿಂಗಳ ಲೆಕ್ಕ ಒಪ್ಪಿಸುತ್ತಿದ್ದೆ. ಹಿಂದಿನಿಂದ ಅವ್ವನ ದನಿ ಬಂತು.

"ತಮ್ಮಾ, ಏಳಪ್ಪಾ. ನೀರು ಆರಿ ಹೊಂಟಾವ. ನಾ ಜಳಕ ಮಾಡಬೇಕು."

ಮೈಕ್ ಬಂದ್ ಮಾಡುವಷ್ಟರಲ್ಲಿ ಹನ್ನೊಂದೂ ಮುಖಗಳು ನಕ್ಕು ಮುಗಿಸಿದ್ದವು. ಅದಕ್ಕಿಂತ ಹೊಟ್ಟೆ ಉರಿದದ್ದು ಆಮೇಲೆ. ನಾನು ಇಪ್ಪತ್ತು ನಿಮಿಷ ಹೇಳಿದ ಲೆಕ್ಕ ಅವರಿಗೆ ತುಂಡು ತುಂಡಾಗಿ ಕೇಳಿಸಿತಂತೆ. ಅವ್ವನ ಜಳಕ ಮಾತ್ರ ಒಂದಕ್ಷರ ಬಿಡದೆ ಹೋಗಿ ಮುಟ್ಟಿತ್ತು.

ನಮ್ಮ ಮನೆ ವೈಫೈ ಇರುವುದೇ ಹಾಗೆ. ಪಡಸಾಲೆಯಲ್ಲಿ ನಾಲ್ಕು ಕಡ್ಡಿ, ನಡುಮನೆಯಲ್ಲಿ ಒಂದು, ನನ್ನ ಕೋಣೆಯಲ್ಲಿ ಸೊನ್ನೆ. ಅದೇನು ಋಣವೋ, ಬಚ್ಚಲ ಬಾಗಿಲಲ್ಲಿ ಮಾತ್ರ ಎರಡು. ಪಕ್ಕದ ಮನೆಯವರದು ಕಿಟಕಿಯಿಂದ ನುಗ್ಗಿ ನನ್ನ ಮಂಚದ ತನಕ ಮೂರು ಕಡ್ಡಿ ಬರುತ್ತೆ. ದುಡ್ಡು ಕಟ್ಟಿದ ನಮ್ಮದು ಬರಲ್ಲ. ಪಾಸ್‌ವರ್ಡ್ ಕೇಳೋಣ ಅಂದರೆ, ಹೋದ ವರ್ಷ ಅವರು ನಮ್ಮದನ್ನು ಕೇಳಿದಾಗ "ನೆನಪಿಲ್ರೀ" ಅಂದವನು ನಾನೇ.

ಮಾಡಬೇಕಾದ್ದೆಲ್ಲ ಮಾಡಿದ್ದೆ. ಆಫ್ ಮಾಡಿ ಆನ್ ಮಾಡಿದೆ. ಆಂಟೆನಾಗಳನ್ನು ಕತ್ತೆ ಕಿವಿಯ ಹಾಗೆ ನಿಲ್ಲಿಸಿದೆ, ಮಲಗಿಸಿದೆ. ಅಕ್ಕಪಕ್ಕದವರ ಸಿಗ್ನಲ್ ಜತೆ ಡಿಕ್ಕಿ ಆಗಬಾರದು ಅಂತ ಚಾನೆಲ್ ಬದಲಿಸಿದೆ. 1, 6, 11. ಲಾಟರಿ ನಂಬರಿನ ಹಾಗಿತ್ತು, ಹಂಗೇ ಏನೂ ಹತ್ತಲಿಲ್ಲ.

ಕೊನೆಗೆ ಕೇಬಲ್ ಹುಡುಗನನ್ನು ಕರೆಸಿದೆ. ಅವನು ರೌಟರ್ ನೋಡಲೇ ಇಲ್ಲ. ಗೋಡೆಗೆ ಮುಷ್ಟಿಯಿಂದ ಎರಡು ಗುದ್ದು ಗುದ್ದಿ, ಕೈ ಝಾಡಿಸಿಕೊಂಡು ಕೇಳಿದ: "ಸರ್, ಇದು ಮನಿನೋ, ಕೋಟಿನೋ?"

ಕೇಳಿದ್ದರಲ್ಲಿ ತಪ್ಪಿಲ್ಲ. ನಾವಿರುವುದು ರಾಯಚೂರಿನ ಹಳೇ ಊರಲ್ಲಿ. ಇಲ್ಲಿನ ಕೋಟೆಗೋಡೆಯಲ್ಲಿ 1294ರ ಶಾಸನವಿದೆ, ನಲವತ್ತು ಅಡಿ ದಾಟಿದ ಒಂದೇ ಬಂಡೆಯ ಮೇಲೆ. ಅಂಥ ಬಂಡೆಯನ್ನು ಬಂಡಿ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ನಮ್ಮ ಹಿರಿಯರು ಅದನ್ನು ದಿನಾ ನೋಡಿ ನೋಡಿ, ಗೋಡೆ ಅಂದರೆ ಹಿಂಗೇ ಇರಬೇಕು ಅಂದುಕೊಂಡರು ಅನಿಸುತ್ತೆ. ಎರಡಡಿ ದಪ್ಪದ ಕಲ್ಲುಗೋಡೆ ಕಟ್ಟಿ ಹೋದರು. 1520ರಲ್ಲಿ ಈ ಕೋಟೆ ಗೆಲ್ಲಲು ಕೃಷ್ಣದೇವರಾಯನಿಗೇ ಪೋರ್ಚುಗೀಸರ ಬಂದೂಕು ಬೇಕಾಯಿತು. ನನ್ನ ಹತ್ತಿರ ಇರುವುದು ಎರಡು ಆಂಟೆನಾ.

"ಫೋನಿನ್ಯಾಗ ವೈಫೈ ಹುಡುಕಿದ್ರ ಎರಡು ಹೆಸರು ಬರ್ತಾವ ನೋಡ್ರಿ ಸರ್" ಅಂತ ಹುಡುಗ ಶುರು ಮಾಡಿದ. "ಫೈವ್ ಜಿ ಅಂತ ಅದ ಅಲಾ, ಅದು ಮೊಬೈಲ್‌ನ ಫೈವ್ ಜಿ ಅಲ್ರೀ. ಇದು ಐದು ಗಿಗಾಹರ್ಟ್ಸ್. ಓಟ ಜಾಸ್ತಿ, ಆದ್ರ ಗ್ವಾಡಿ ಕಂಡ್ರ ಅಂಜತದ. ಇನ್ನೊಂದು ಎರಡೂವರಿ ಅನ್ನಂಗ. ಅದು ಮೆಲ್ಲಕ ಹೋಗತದ, ಒಂದೆರಡು ಗ್ವಾಡಿ ದಾಟತದ. ನಿಮ್ಮ ಗ್ವಾಡಿ ಮಾತ್ರ ದಾಟಂಗಿಲ್ಲ."

ಬಚ್ಚಲ ಬಾಗಿಲ ಗುಟ್ಟೂ ಅವನೇ ಬಿಡಿಸಿದ. ಪಡಸಾಲೆ, ನಡುಮನೆ, ಬಚ್ಚಲು, ಮೂರರ ಬಾಗಿಲೂ ಒಂದೇ ಸಾಲಿಗಿವೆ. ಸಿಗ್ನಲ್ ಅಡ್ಡಿ ಇಲ್ಲದೆ ನೇರ ನಡೆದು ಜಳಕಕ್ಕೆ ಹೋಗುತ್ತಿತ್ತು.

"ಚಳಿಗಾಲದಾಗ ನಡುಮನಿ ತನಕ ಚಲೋ ಬರ್ತಿತ್ತಲ್ಲೋ" ಅಂದೆ. ಅವನು ಬೆರಳು ತೋರಿಸಿದ. ನಡುಮನೆ ಬಾಗಿಲ ಪಕ್ಕ ನಮ್ಮ ಕೂಲರ್. ಶಿವರಾತ್ರಿಗೆ ಶಿವಶಿವಾ ಅಂತ ಚಳಿ ಹೋಯಿತು, ಮರುದಿನವೇ ಅಟ್ಟದಿಂದ ಕೂಲರ್ ಇಳಿಯಿತು. ಮೂರೂ ಕಡೆ ತಗಡು, ಹೊಟ್ಟೆಯಲ್ಲಿ ಅರವತ್ತು ಲೀಟರ್ ನೀರು. ತಗಡು ಸಿಗ್ನಲನ್ನು ವಾಪಸ್ ಓಡಿಸುತ್ತೆ. ತಪ್ಪಿಸಿಕೊಂಡದ್ದನ್ನು ನೀರು ಕುಡಿಯುತ್ತೆ. ಬೇಸಿಗೆಯಲ್ಲಿ ಕೂಲರ್ ಬೇಕೋ, ನೆಟ್ ಬೇಕೋ? ಈ ಪ್ರಶ್ನೆಯನ್ನು ರಾಯಚೂರಿನವರಿಗೆ ಯಾರೂ ಕೇಳಬಾರದು.

"ಅದಿರಲಿ, ರೌಟರ್ ಈ ಗೂಡಿನ್ಯಾಗ ಯಾರಿಟ್ರು?" ಅಂದ ಹುಡುಗ.

ನಾನು ಮಾತಾಡಲಿಲ್ಲ. ಯಾಕಂದ್ರೆ ಇಟ್ಟವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಅವ್ವ ಮತ್ತು ರೌಟರ್ ಸಂಬಂಧ ಹೇಳಿದರೆ ನೀವು ನಂಬಲ್ಲ. ಧೂಳು ಕೂಡಬಾರದು ಅಂತ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದ್ದಾಳೆ. ಆಂಟೆನಾ ಹೊರಗೆ ಬರಲಿ ಅಂತ ಎರಡು ತೂತು. ತೂತಿನ ಎಳೆ ಬಿಚ್ಚಬಾರದು ಅಂತ ಸುತ್ತಲೂ ಕೆಂಪು ದಾರದ ಹೊಲಿಗೆ. ದೂರದಿಂದ ನೋಡಿದರೆ ಕುಲಾವಿ ಹಾಕಿದ ಮೇಕೆಮರಿ. ಇಷ್ಟು ಮುದ್ದು ಮಾಡುವವಳು ರಾತ್ರಿ ಒಂಬತ್ತೂವರೆ ಆಯಿತೋ, ಬಂದು ಬಟನ್ ಒತ್ತುತ್ತಾಳೆ. ಟಕ್. ಮಗಳ ಪಾಠ ಅರ್ಧಕ್ಕೆ ನಿಲ್ಲುತ್ತೆ. ಹೆಂಡತಿಯ ಧಾರಾವಾಹಿಯಲ್ಲಿ ಅತ್ತೆ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತೆ. "ರೀ, ನಿಮ್ಮವ್ವಗ ಹೇಳ್ರಿ" ಅಂತಾಳೆ. ಒಮ್ಮೆ ಹೇಳಿಯೂ ನೋಡಿದೆ. ಹತ್ತು ವ್ಯಾಟಿನ ಡಬ್ಬಿ, ಹಗಲು ರಾತ್ರಿ ಉರಿದರೂ ತಿಂಗಳಿಗೆ ಏಳೇ ಯೂನಿಟ್, ಮೇಲಾಗಿ ಗೃಹಜ್ಯೋತಿಯಲ್ಲಿ ಕರೆಂಟ್ ಪುಕ್ಕಟೆ ಅಂದೆ.

"ಪುಕ್ಕಟಂತ ಸುಟ್ಟರ ಸರಾಸರಿ ದಾಟತದ. ಮ್ಯಾಲಿಂದಕ್ಕ ಬಿಲ್ ಬರ್ತದ" ಅಂದಳು. ನನ್ನ ಆಫೀಸಿನ ಲೆಕ್ಕವನ್ನು ಅವ್ವನೇ ಒಪ್ಪಿಸಿದ್ದರೆ ಚೆನ್ನಾಗಿತ್ತು.

ಹುಡುಗನ ಪ್ರಶ್ನೆಗೂ ಒಳಗಿನಿಂದ ಅವಳೇ ಉತ್ತರ ಕೊಟ್ಟಳು: "ಅದು ರೇಡಿಯೋ ಇಡೋ ಜಾಗ ಐತಪ್ಪಾ."

ಹೌದು, ಅದು ಅಪ್ಪನ ರೇಡಿಯೋ ಗೂಡು. ಅದಕ್ಕಂತಲೇ ಅಲ್ಲಿ ಮರದ ಹಲಗೆಯ ಪ್ಲಗ್ ಇದೆ. ಅಪ್ಪ ರಾತ್ರಿ ಊಟ ಮುಗಿಸಿ, ಗುಲ್ಬರ್ಗಾ ಸ್ಟೇಷನ್ ಹಚ್ಚಿ, ಕಿವಿ ಗೂಡಿಗೆ ಆನಿಸಿ ಕೂರುತ್ತಿದ್ದ. ಒಂಬತ್ತೂವರೆಗೆ ಎದ್ದು ಬಂದ್ ಮಾಡಿ, ಬಟ್ಟೆ ಹೊದಿಸಿ ಮಲಗುತ್ತಿದ್ದ. ಅವನು ಹೋಗಿ ಹನ್ನೊಂದು ವರ್ಷ. ರೇಡಿಯೋ ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು. ಅದರ ಬಟ್ಟೆ ಅವ್ವನ ಟ್ರಂಕಿನಲ್ಲಿತ್ತು ಅಂತ ನನಗೆ ಗೊತ್ತಾಗಿದ್ದೇ ರೌಟರ್ ಬಂದ ದಿನ.

ಹುಡುಗ ಮೂವತ್ತು ಅಡಿ ವೈರು ಎಳೆದು, ನಡುಮನೆಯಲ್ಲಿ ಟ್ಯೂಬ್‌ಲೈಟ್ ಪಕ್ಕದ ಪ್ಲಗ್ಗಿನ ಹತ್ತಿರ ಮೊಳೆ ಹೊಡೆದ. ನಾಲ್ಕು ಮೊಳೆ ಸೊಟ್ಟಗಾದವು, ಐದನೆಯದು ನಿಂತಿತು. ರೌಟರ್ ಮೇಲೇರಿತು. ಈಗ ಅದಕ್ಕೆ ಕೂಲರ್ ಅಡ್ಡ ಇಲ್ಲ. ನನ್ನ ಕೋಣೆಯ ಬಾಗಿಲು ತೆರೆದಿಟ್ಟರೆ ಮಂಚದ ಮೇಲೆ ಮೂರು ಕಡ್ಡಿ. ಬಕೆಟ್ ಬಚ್ಚಲಿಗೆ ವಾಪಸ್ ಹೋಯಿತು. ಅವ್ವ ಏನೂ ಅನ್ನಲಿಲ್ಲ. ಬಟನ್ ಎಂಟಡಿ ಎತ್ತರಕ್ಕೆ ಹೋಯಿತಲ್ಲ, ಇನ್ನು ಮನೆಯವರೆಲ್ಲ ಆರಾಮ ಅಂದುಕೊಂಡೆ.

ನಿನ್ನೆ ನೋಡಿದರೆ ಗೂಡಿನಲ್ಲಿ ರೌಟರ್ ಬಂದಿದ್ದ ಖಾಲಿ ರಟ್ಟಿನ ಡಬ್ಬಿ. ಅದರ ಮೇಲೆ ಅದೇ ಬಟ್ಟೆ. ಎರಡು ತೂತು, ಕೆಂಪು ದಾರ.

ರಾತ್ರಿ ಮಂಚದ ಮೇಲೆ ಆರಾಮಾಗಿ ಬಿದ್ದುಕೊಂಡು ಕ್ರಿಕೆಟ್ ನೋಡುತ್ತಿದ್ದೆ. ಕೊನೇ ಓವರ್, ಆರು ಬಾಲಿಗೆ ಒಂಬತ್ತು ರನ್. ಬಟ್ಟೆ ಒಣಹಾಕುವ ಉದ್ದ ಕೋಲೊಂದು ಬಾಗಿಲಾಚೆ ಮೆಲ್ಲಗೆ ಮೇಲೇಳುವುದು ಕಂಡಿತು. ತುದಿ ಒಮ್ಮೆ ಟ್ಯೂಬ್‌ಲೈಟಿಗೆ ತಾಗಿತು. ಒಮ್ಮೆ ಗೋಡೆಗೆ. ಆಮೇಲೆ ಟಕ್.