ತೂತು ಮುಚ್ಚೋಕೆ ಎಷ್ಟಾಗುತ್ತೆ ಡಾಕ್ಟ್ರೇ?

ಕಿವಿಯ ಹಾಲೆಯಲ್ಲಿ ಏನಿದೆ ಹೇಳಿ. ಮೂಳೆ ಇಲ್ಲ. ಕಿವಿಯ ಮೇಲ್ಭಾಗವನ್ನು ಸೆಟೆದು ನಿಲ್ಲಿಸುವ ಮೆದುಮೂಳೆ ಕೂಡ ಇಲ್ಲಿವರೆಗೆ ಇಳಿಯುವುದಿಲ್ಲ. ಒಂದಿಷ್ಟು ಕೊಬ್ಬು, ಒಂದಿಷ್ಟು ನಾರು, ಮೇಲೆ ಚರ್ಮ. ಬಹುಶಃ ಹೀಗೆ ಕೆಲಸವಿಲ್ಲದೆ ಜೋತುಬಿದ್ದಿರುವುದಕ್ಕೇ ಏನೋ, ಮನುಷ್ಯ ಅದನ್ನು ಯಾವ ಕಾಲದಲ್ಲೂ ಸುಮ್ನೆ ಬಿಟ್ಟಿಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕಿತಲ್ಲ, 5,000 ವರ್ಷಕ್ಕೂ ಹಳೆಯ ದೇಹ, ಓಟ್ಸಿ ಅಂತ ಹೆಸರಿಟ್ಟರು, ಅವನ ಕಿವಿಯ ಹಾಲೆಗಳೂ ಚುಚ್ಚಿ, ತೂತು ಹಿಗ್ಗಿಸಿದವೇ. ಅವನಿಗೆ ಅದರಿಂದ ಕೆಲಸದ ಇಂಟರ್‌ವ್ಯೂಗೆ ತೊಂದರೆಯೇನೂ ಆಗಿರಲಿಕ್ಕಿಲ್ಲ.

ಈಗಿನವರಿಗೆ ಆಗುತ್ತೆ. ಇಪ್ಪತ್ತರ ಹರೆಯದಲ್ಲಿ ಹಾಲೆಯ ತೂತನ್ನು ಬೆರಳು ತೂರುವಷ್ಟು ಹಿಗ್ಗಿಸಿ, ಅದರಲ್ಲಿ ಪ್ಲಗ್ ಅನ್ನುವ ದುಂಡನೆಯ ಆಭರಣ ಹಾಕಿಕೊಂಡು ಓಡಾಡಿದವರು, ಮೂವತ್ತು ದಾಟುವಾಗ ಒಂದು ದಿನ ಪ್ಲಗ್ ತೆಗೆದು ಕನ್ನಡಿ ಮುಂದೆ ನಿಲ್ಲುತ್ತಾರೆ. ಅಲ್ಲೊಂದು ಖಾಲಿ ಬಳೆ ನೇತಾಡುತ್ತಿರುತ್ತೆ. ಕೆಲವು ಸೇನೆಗಳು ಇಂಥ ಕಿವಿಯವರನ್ನು ಸೇರಿಸಿಕೊಳ್ಳುವುದಿಲ್ಲ, ಕೆಲವು ಆಫೀಸುಗಳು ಬಾಯಿಬಿಟ್ಟು ಹೇಳದೆ ಬೇರೆಯವರನ್ನು ಆರಿಸಿಕೊಳ್ಳುತ್ತವೆ, ಇನ್ನು ಕೆಲವರಿಗೆ ಕಾರಣವೇ ಬೇಕಿಲ್ಲ, ಸುಮ್ನೆ ಸಾಕಾಗಿದೆ. ಆಗ ಕೇಳುವ ಮೊದಲ ಪ್ರಶ್ನೆ, ಇದನ್ನು ಮುಚ್ಚೋಕೆ ಎಷ್ಟಾಗುತ್ತೆ?

ಹಿಗ್ಗಿಸುವಾಗ ಆದ ಖರ್ಚು ನೆನಪಿರುತ್ತಲ್ಲ, ಅದೇ ಲೆಕ್ಕದಲ್ಲಿ ಕೇಳುತ್ತಾರೆ. ಹಿಗ್ಗಿಸುವುದು ನಿಜಕ್ಕೂ ಅಗ್ಗ. ಅದರ ಅಳತೆಯಂತೂ ತಲೆಕೆಳಗು, ನಂಬರ್ ಇಳಿದಷ್ಟೂ ತೂತು ದೊಡ್ಡದು. ಮಾಮೂಲಿ ಓಲೆಯ ತೂತು 20 ಗೇಜ್, ಅಂದರೆ ಸುಮಾರು 0.8 ಮಿ.ಮೀ. ಅಲ್ಲಿಂದ ಇಳಿದು ಇಳಿದು ಸೊನ್ನೆಗೆ ಬಂದರೆ 8 ಮಿ.ಮೀ. ಆಗುತ್ತೆ. ಒಂದು ಸೊನ್ನೆ ಸಾಲದವರಿಗೆ ಎರಡು ಸೊನ್ನೆ, ಅದು ಸುಮಾರು 10. ಅದರಾಚೆಗೆ ನಂಬರೇ ಇಲ್ಲ, ಮಿಲಿಮೀಟರಲ್ಲೋ ಇಂಚಲ್ಲೋ ಮಾತು. ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು, ಪ್ರತಿ ಮೆಟ್ಟಿಲಿಗೂ ಒಂದು ಜೊತೆ ಪ್ಲಗ್, ಅಷ್ಟೇ. ದುಡ್ಡಿಗಿಂತ ತಾಳ್ಮೆ ಜಾಸ್ತಿ ಬೇಕು. ತಾಳ್ಮೆ ಇಲ್ಲದವರ ಹಾಲೆ ಒಳಗೇ ಹರಿಯುತ್ತೆ, ಇಲ್ಲವೇ ಒಳಗಿನ ಚರ್ಮ ಹಿಂಬದಿಗೆ ಉಬ್ಬಿ ತುಟಿಯ ಹಾಗೆ ಹೊರಬರುತ್ತೆ. ಬಿಲ್ ದಪ್ಪಗಾಗಲು ಶುರುವಾಗುವುದೇ ಅಲ್ಲಿಂದ. ಅವರಿಗೆ ಅದು ಗೊತ್ತಾಗುವುದು ವರ್ಷಗಳಾದ ಮೇಲೆ.

ಬೇಕೆಂದು ಹಿಗ್ಗಿಸದವರೂ ಇದೇ ಡಾಕ್ಟರ ಕುರ್ಚಿಗೆ ಬರುತ್ತಾರೆ ಅನ್ನುವುದನ್ನು ಮರೆಯಬಾರದು. ಭಾರದ ಓಲೆ ಹಾಕಿ ಹಾಕಿ ಚುಕ್ಕಿಯಂಥ ತೂತು ಗೀರಿನಂತಾಗಿ, ಗೀರು ಇಳಿಯುತ್ತಾ ಇಳಿಯುತ್ತಾ ಒಂದು ದಿನ ಅಂಚನ್ನೂ ಸೀಳಿಬಿಡುತ್ತೆ. ಕಂಕುಳಲ್ಲಿದ್ದ ಮಗು ಓಲೆ ಹಿಡಿದು ಎಳೆದರಂತೂ ವರ್ಷಗಳ ಕೆಲಸ ಕ್ಷಣದಲ್ಲಿ ಮುಗಿಯುತ್ತೆ.

ಈಗ ದುಡ್ಡಿನ ಮಾತು. ಫೋನ್ ಮಾಡಿ ರೇಟ್ ಕೇಳಿದರೆ ಯಾವ ಕ್ಲಿನಿಕ್ಕೂ ನೇರವಾಗಿ ಹೇಳುವುದಿಲ್ಲ. "ಬನ್ನಿ, ನೋಡಿ ಹೇಳ್ತೀವಿ" ಅನ್ನುತ್ತಾರೆ. ಆ ನೋಡುವುದಕ್ಕೂ ಒಂದು ಫೀಸು. ಇದೇನಪ್ಪಾ ಗಿರಾಕಿಯನ್ನು ಬಲೆಗೆ ಹಾಕುವ ಉಪಾಯ ಅಂತ ಸಿಟ್ಟು ಬರುವುದು ಸಹಜ, ಆದರೆ ಈ ಒಂದು ವಿಷಯದಲ್ಲಿ ನಾನು ಡಾಕ್ಟರ ಪರ. ನಾವು ಫೋನಿನಲ್ಲಿ ಹೇಳುವುದು ತೂತಿನ ಅಳತೆ. ಅವರಿಗೆ ಬೇಕಾದದ್ದು ತೂತಿನ ಸುತ್ತ ಏನು ಉಳಿದಿದೆ ಅನ್ನೋದು. 20 ಮಿ.ಮೀ. ತೂತಿದ್ದೂ ಕೆಳಗಿನ ಅಂಚು ದಪ್ಪಗಿದ್ದರೆ ಕೆಲಸ ಸಲೀಸು. ಅದಕ್ಕಿಂತ ಚಿಕ್ಕ ತೂತಿದ್ದೂ ಅಂಚು ದಾರದಷ್ಟು ತೆಳ್ಳಗಾಗಿದ್ದರೆ, ಉಳಿದ ಚರ್ಮವನ್ನು ಅಲ್ಲಿ ಕತ್ತರಿಸಿ ಇಲ್ಲಿಗೆ ತಿರುಗಿಸಿ ಹಾಲೆಯನ್ನು ಮತ್ತೆ ಕಟ್ಟಬೇಕು. ಮೊದಲನೆಯದಕ್ಕೂ ಎರಡನೆಯದಕ್ಕೂ ರೇಟ್ ಒಂದೇ ಇರೋಕೆ ಹೇಗೆ ಸಾಧ್ಯ? ಇಲ್ಲದಿರುವುದಕ್ಕೆ ಬೆಲೆ ಕಟ್ಟುವುದು ಸುಲಭ ಅಂದುಕೊಂಡು ಕೇಳುತ್ತೇವೆ, ಅವರು ಬೆಲೆ ಕಟ್ಟುವುದು ಇರುವುದನ್ನು ನೋಡಿ.

ಇನ್ನೊಂದು ಭ್ರಮೆ, ಎರಡು ಹೊಲಿಗೆ ಹಾಕಿ ಬಿಗಿ ಮಾಡಿದರಾಯ್ತು ಅನ್ನೋದು. ಸಡಿಲವಾದ ಅಂಗಿಯ ಕಾಜವನ್ನು ದರ್ಜಿ ಹಾಗೆ ಮಾಡಿಕೊಡುತ್ತಾನೆ, ಕಿವಿಯಲ್ಲಿ ನಡೆಯಲ್ಲ. ವಾಸಿಯಾದ ತೂತಿನ ಒಳಗೋಡೆಗೂ ಚರ್ಮವೇ ಬೆಳೆದಿರುತ್ತೆ. ಚರ್ಮಕ್ಕೆ ಚರ್ಮ ಎಷ್ಟು ಒತ್ತಿಟ್ಟರೂ ಕೂಡಿಕೊಳ್ಳುವುದಿಲ್ಲ. ಗಾಯಕ್ಕೆ ಗಾಯವೇ ಕೂಡಬೇಕು. ಹಾಗಾಗಿ ಮುಚ್ಚುವ ಕೆಲಸ ಶುರುವಾಗುವುದೇ ಕತ್ತರಿಸುವುದರಿಂದ. ಮನೆಯಲ್ಲೇ ಅಂಟು ಹಚ್ಚಿ, ಟೇಪ್ ಸುತ್ತಿ ನೋಡುವವರ ಪ್ರಯತ್ನ ಫಲಿಸದಿರುವುದೂ ಇದಕ್ಕೇ.

ಕುರ್ಚಿಯಲ್ಲಿ ಏನಾಗುತ್ತೆ ಅಂದರೆ, ಮೊದಲು ಪೆನ್ನು. ಹಾಲೆಯ ಮೇಲೆ ಗೆರೆ ಎಳೆದು, ಹಿಂದೆ ಸರಿದು ಎರಡೂ ಕಿವಿ ಹೋಲಿಸಿ, ಒಂದು ಗೆರೆ ಅಳಿಸಿ ಇನ್ನೊಂದು ಎಳೆಯುತ್ತಾರೆ. ಪೂರ್ತಿ ಕೆಲಸದಲ್ಲಿ ದುಡ್ಡಿಗೆ ತಕ್ಕ ಭಾಗ ಇದೇ ಅಂತ ನನ್ನ ಅನಿಸಿಕೆ, ನೋಡುವವರಿಗೆ ಮಾತ್ರ ಕಾಲಹರಣದ ಹಾಗೆ ಕಾಣುತ್ತೆ. ಮರಗಟ್ಟಿಸುವ ಮದ್ದನ್ನು ಇಂಜೆಕ್ಷನ್ ಕೊಟ್ಟಾಗ ಸ್ವಲ್ಪ ಉರಿ, ಆಮೇಲೆ ಏನೂ ಗೊತ್ತಾಗಲ್ಲ, ಎಚ್ಚರವಾಗಿಯೇ ಇರುತ್ತೀರಿ. ತೂತಿನ ಒಳಚರ್ಮವನ್ನು ತೆಳ್ಳಗೆ ಕೆತ್ತಿ ತೆಗೆದು, ಜಾಸ್ತಿಯಾದದ್ದನ್ನು ಕತ್ತರಿಸಿ, ಒಳಗೊಂದು ಸಾಲು ಕರಗುವ ದಾರ, ಹೊರಗೆ 0.1 ಮಿ.ಮೀ. ದಪ್ಪವೂ ಇಲ್ಲದ ದಾರದಲ್ಲಿ ಹೊಲಿಗೆ. ಕಷ್ಟವೆಲ್ಲ ಕೆಳಗಿನ ಅಂಚಿನಲ್ಲಿದೆ. ಗಾಯ ಮಾಯುವಾಗ ಕಲೆ ಕುಗ್ಗುತ್ತೆ, ಕುಗ್ಗಿದಾಗ ಅಂಚಿನಲ್ಲಿ ಕಚ್ಚಿದ ಹಾಗೆ ಒಂದು ಹಳ್ಳ ಬೀಳುತ್ತೆ. ಅದನ್ನು ತಪ್ಪಿಸಲು ನೇರ ಗೆರೆಯ ಬದಲು ಅಂಕುಡೊಂಕಾಗಿ ಕತ್ತರಿಸಿ ಹೊಲಿಯುವವರಿದ್ದಾರೆ. ಸರಳವಾದದ್ದಾದರೆ ಒಂದು ಕಿವಿಗೆ ಅರ್ಧ ಗಂಟೆಯಿಂದ ಒಂದು ಗಂಟೆ.

ಅಷ್ಟೇ ಹೊತ್ತಿನ ಕೆಲಸಕ್ಕೆ ಇಷ್ಟಾ ಅಂತ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತೆ. ಅದರಲ್ಲಿ ಸರ್ಜನ್ ಫೀಸು ಒಂದು ಪಾಲು ಮಾತ್ರ. ಕೋಣೆಯ ಬಾಡಿಗೆ, ಮದ್ದು, ದಾರ, ಹೊಲಿಗೆ ಬಿಚ್ಚುವ ಭೇಟಿ ಎಲ್ಲ ಸೇರಿರುತ್ತೆ, ಕೆಲವು ಕಡೆ ಸೇರಿರಲ್ಲ, ಕೇಳಿ ತಿಳಿದುಕೊಳ್ಳಬೇಕು. ಹೇಳಿದ ರೇಟ್ ಒಂದು ಕಿವಿಗೋ ಎರಡಕ್ಕೋ ಅನ್ನುವುದನ್ನಂತೂ ಮರೆಯದೆ ಕೇಳಬೇಕು. ಇನ್ಶೂರೆನ್ಸ್ ನಂಬಿ ಕೂರಬೇಡಿ. ಅಂದಕ್ಕಾಗಿ ಮಾಡಿಸಿದ್ದು ಅಂತ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತಾರೆ. ಖರ್ಚು ತಗ್ಗಿಸುವ ದಾರಿ ಇರುವುದು ಒಂದೇ, ಪ್ಲಗ್ ತೆಗೆದು ಕೆಲವು ತಿಂಗಳು ಕಾಯುವುದು. ಹಾಲೆ ತಾನಾಗಿ ಕುಗ್ಗುವಷ್ಟು ಕುಗ್ಗಲಿ. ಚಿಕ್ಕ ತೂತಾದರೆ ಆಪರೇಷನ್ನೇ ಬೇಡ ಅನ್ನಿಸುವ ಮಟ್ಟಕ್ಕೂ ಬರಬಹುದು. ತುಂಬಾ ದೊಡ್ಡದು ಪೂರ್ತಿ ಮುಚ್ಚಲ್ಲ, ಆದರೂ ಕತ್ತರಿಸುವ ಕೆಲಸ ಕಡಿಮೆಯಾಗುತ್ತೆ.

ಇದೆಲ್ಲ ಹೊಸ ಕಾಲದ ಶೋಕಿ, ಹೊಸ ಕಾಲದ ರಿಪೇರಿ ಅಂದುಕೊಳ್ಳುವವರು ಆಯುರ್ವೇದದ ಪುರಾತನ ಗ್ರಂಥ ಸುಶ್ರುತ ಸಂಹಿತೆ ತೆಗೆದು ನೋಡಬೇಕು. ಅದರ ಮೊದಲ ಭಾಗವಾದ ಸೂತ್ರಸ್ಥಾನದ 16ನೇ ಅಧ್ಯಾಯ ಬಹುಪಾಲು ಕಿವಿಯದ್ದೇ. ಚುಚ್ಚುವುದು ಹೇಗೆ, ಮೂರು ಮೂರು ದಿನಕ್ಕೆ ಬತ್ತಿ ದಪ್ಪ ಮಾಡುತ್ತಾ ತೂತು ಹಿಗ್ಗಿಸುವುದು ಹೇಗೆ, ಹರಿದರೆ ಕೂಡಿಸುವುದು ಹೇಗೆ. ಕೂಡಿಸುವುದಕ್ಕೆ 15 ಬಗೆ ಹೇಳಿ, ಅದರಲ್ಲಿ ಮೊದಲ ಹತ್ತು ಸಾಧ್ಯ, ಉಳಿದ ಐದು ಅಸಾಧ್ಯ ಅಂತ ಕಡ್ಡಿ ಮುರಿದ ಹಾಗೆ ಬರೆದಿದೆ. ಹಾಲೆಯೇ ಇಲ್ಲದಿದ್ದರೆ ಕೆನ್ನೆಯ ಚರ್ಮವನ್ನು, ಬುಡ ಬಿಡಿಸದೆ ತಂದು ಹಾಲೆ ಮಾಡುವ ಕ್ರಮವೂ ಇದೆ. ಇವತ್ತಿನ ಸರ್ಜನ್‌ಗಳು ಕೂಡ ಚರ್ಮ ತಿರುಗಿಸಿ ತರುವಾಗ ಬುಡ ಬಿಡಿಸುವುದಿಲ್ಲ, ರಕ್ತ ಹರಿಯಬೇಕಲ್ಲ. ನನಗೆ ಇಷ್ಟವಾದದ್ದು ಆಪರೇಷನ್ ಆದಮೇಲಿನ ಪಥ್ಯ. ಹಗಲು ನಿದ್ದೆ ಮಾಡಬೇಡ, ಮೈ ದಣಿಸಬೇಡ, ಹೊಟ್ಟೆ ಬಿರಿಯ ಉಣ್ಣಬೇಡ, ಬೆಂಕಿ ಕಾಯಿಸಬೇಡ, ಜಾಸ್ತಿ ಮಾತಾಡಬೇಡ. ಆ ಕೊನೆಯದನ್ನು ಪಾಲಿಸಲಾಗದೆ ಎಷ್ಟು ಕಿವಿಗಳು ಕೆಟ್ಟವೋ!

ಇವತ್ತಿನ ಪಥ್ಯ ಸಪ್ಪೆ. ಒದ್ದೆ ಮಾಡಬೇಡಿ, ಆ ಮಗ್ಗುಲಿಗೆ ಮಲಗಬೇಡಿ, ಒಂದೆರಡು ವಾರದೊಳಗೆ ಬಂದು ಹೊಲಿಗೆ ಬಿಚ್ಚಿಸಿಕೊಳ್ಳಿ. ಗಾಯವಾದಲ್ಲೆಲ್ಲ ಚರ್ಮ ಗಂಟು ಕಟ್ಟಿ ಬೆಳೆಯುವ ಮೈಯವರು ಮಾತ್ರ ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಅದಕ್ಕೆ ಕೆಲಾಯ್ಡ್ ಅನ್ನುತ್ತಾರೆ. ಕಿವಿಯ ಹಾಲೆ ಅದಕ್ಕೆ ಬಲು ಇಷ್ಟದ ಜಾಗ, ತೆಗೆದರೂ ಮತ್ತೆ ಬರುವುದುಂಟು, ಆಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ನು, ಒತ್ತಿ ಹಿಡಿಯುವ ಕ್ಲಿಪ್ಪು ಅಂತ ತಿಂಗಳುಗಟ್ಟಲೆ ಓಡಾಟ. ಆ ಖರ್ಚಿನ ಮುಂದೆ ಆಪರೇಷನ್ ಖರ್ಚು ಏನೂ ಅಲ್ಲ ಅನ್ನಿಸಿಬಿಡಬಹುದು.

ಎಲ್ಲ ಸರಿಹೋಗಿ ಹಾಲೆ ಮೊದಲಿನ ಹಾಗೆ ದುಂಡಗಾದ ಮೇಲೆ ಬಹಳ ಜನ ಏನು ಕೇಳುತ್ತಾರೆ ಗೊತ್ತಾ? ಮತ್ತೆ ಯಾವಾಗ ಚುಚ್ಚಿಸಬಹುದು ಅಂತ. ಕೆಲವು ತಿಂಗಳು ತಡೆಯಿರಿ, ಕಲೆಯ ಮೇಲೆ ಬೇಡ, ಪಕ್ಕಕ್ಕೆ ಚುಚ್ಚಿಸಿ, ಹಗುರದ ಓಲೆ ಹಾಕಿ ಅನ್ನುತ್ತಾರೆ ಡಾಕ್ಟರು. ಚುಚ್ಚುವ ದುಡ್ಡು ಬೇರೆ.